ಏಳನೇ ಪುಟದ ಪದ

ಸ್ನಾನ ಮುಗಿಸಿ, ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದ ಕಟೀಲಮ್ಮನ ಪಟಕ್ಕೆ ಕೈಮುಗಿದ ಮೇಲೆ ಸುಬ್ಬರಾಯ ಒಂದು ಪದ ಬರೆಯುತ್ತಿದ್ದ. ದಿನಕ್ಕೆ ಒಂದೇ. ನಾಲ್ಕು ಮಂದಿ ಮಲಗುವ ಆ ಕೋಣೆಯಲ್ಲಿ ಉಳಿದವರು ಇನ್ನೂ ಗೊರಕೆ ಹೊಡೆಯುತ್ತಿರುವಾಗ ಮಂಚದ ತುದಿಯಲ್ಲಿ ಕುಳಿತು, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಆ ಪದ ಎಲ್ಲಿಂದ ಹೊರಟು ನಮ್ಮ ಬಾಯಿಗೆ ಬಂತು ಎಂದು ಎರಡು ಸಾಲು. ಕುರ್ಚಿ, ಅರಬ್ಬಿಯಿಂದ. ಅನಾನಸು, ಪೋರ್ಚುಗೀಸರ ಹಡಗಿನಿಂದ. ಕತಾರಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಒಂದು ದಿನವೂ ತಪ್ಪಿಸಿದವನಲ್ಲ. ಸುರತ್ಕಲ್ಲಿನಿಂದ ತಾಯಿ ತೀರಿಕೊಂಡ ಸುದ್ದಿ ಬಂದು, ಕಂಪನಿ ರಜೆ ಕೊಡದೆ ಹೋದ ದಿನವೂ ಬರೆದಿದ್ದ. ಆ ದಿನದ ಪದ ‘ಖಾಲಿ’.

ವಯಸ್ಸು ನಲವತ್ತೇಳು. ಪಿಯುಸಿ ಅರ್ಧಕ್ಕೆ ನಿಂತಿತ್ತು. ಒಂದು ಕಂಟ್ರಾಕ್ಟ್ ಕಂಪನಿಯ ಸ್ಟೋರಿನಲ್ಲಿ ಕೆಲಸ. ನಡುವೆ ಒಂಬತ್ತು ವರ್ಷ ರಾಸ್ ಲಫಾನಿನ ಗ್ಯಾಸ್ ಘಟಕದಲ್ಲಿ, ಉಳಿದಂತೆ ದೋಹಾದ ಗೋದಾಮಿನಲ್ಲಿ. ವಾಸ ಅಲ್ ವಕ್ರಾದಲ್ಲಿದ್ದ ಕಂಪನಿಯ ಫ್ಲ್ಯಾಟಿನಲ್ಲಿ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ ಮೊದಮೊದಲು ತಂಗಿಯರ ಜವಾಬ್ದಾರಿ ಎನ್ನುತ್ತಿದ್ದ, ಆಮೇಲೆ ಜಾತಕ ಎನ್ನುತ್ತಿದ್ದ, ಕೊನೆಕೊನೆಗೆ ಕೇಳುವವರೂ ಇರಲಿಲ್ಲ.

ಶುಕ್ರವಾರ ಮಾತ್ರ ಅವನು ಬೇರೆಯೇ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಸ್ಸು ಹಿಡಿದು, ಇಳಿದ ಮೇಲೆ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ನಡೆದು ಐನ್ ಖಾಲಿದ್‌ನಲ್ಲಿದ್ದ ಚನ್ನಕೇಶವರ ಮನೆಗೆ ಹೋಗುತ್ತಿದ್ದ. ಚನ್ನಕೇಶವ ಮೈಸೂರಿನವರು, ಬೇರೊಂದು ಕಂಪನಿಯ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಅಲ್ಲಿಯ ಕನ್ನಡಿಗರ ಬಳಗಕ್ಕೆ ಕಾರ್ಯದರ್ಶಿ. ಅವರ ಮನೆಯ ಹಾಲಿನಲ್ಲಿ ಹನ್ನೊಂದು ಮಕ್ಕಳಿಗೆ ಸುಬ್ಬರಾಯನ ಕನ್ನಡ ಪಾಠ. ಮೂರು ವರ್ಷದಿಂದ ನಡೆಯುತ್ತಿತ್ತು, ಪುಕ್ಕಟೆ. ಮಕ್ಕಳೆಲ್ಲ ಇಂಗ್ಲಿಷ್ ಶಾಲೆಯವರು. ‘ಘ’ ಬಂದರೆ ‘ಗ’ ಎನ್ನುವವರು.

“ಮಾಷ್ಟ್ರೆ, ಈ ‘ಳ’ ಯಾಕೆ ಜಿಲೇಬಿ ಹಾಗೆ ಉಂಟು?” ಎಂದು ಕೃತಿಕ್ ಎಂಬ ಹುಡುಗ ಕೇಳಿದರೆ, “ಸರಿಯಾಗಿ ಬರಿ, ಆಮೇಲೆ ತಿನ್ಲಿಕ್ಕೆ ಕೊಡ್ತೇನೆ” ಎನ್ನುತ್ತಿದ್ದ. ಬೆರಳು ತಿರುಗದ ಮಕ್ಕಳ ಕೈಹಿಡಿದು ತಿದ್ದಿಸುತ್ತಿದ್ದ, ಅವನಿಗೆ ಅವನ ಮೇಷ್ಟರು ತಿದ್ದಿಸಿದ ಹಾಗೆ. ತೆರೆದ ಅಡುಗೆಮನೆಯ ಬಾಗಿಲಲ್ಲಿ ಚನ್ನಕೇಶವರ ಹೆಂಡತಿ ಕಾಂತಾಮಣಿ ಕಾಯಿ ತುರಿಯುತ್ತ ಪಾಠ ಕೇಳಿಸಿಕೊಳ್ಳುತ್ತಿದ್ದರು. ಪಠ್ಯಪುಸ್ತಕ ಇರಲಿಲ್ಲ. ಬಳಗದವರು ತಿಂಗಳಿಗೊಮ್ಮೆ ಅಚ್ಚು ಹಾಕಿಸುತ್ತಿದ್ದ ‘ಓಲೆ’ ಎಂಬ ಎಂಟು ಪುಟದ ಪತ್ರಿಕೆಯೇ ಮಕ್ಕಳಿಗೆ ಓದುವ ಪುಸ್ತಕ. ಅದರ ಏಳನೇ ಪುಟದಲ್ಲಿ ಸುಬ್ಬರಾಯನ ಅಂಕಣ ಬರುತ್ತಿತ್ತು, ‘ಪದದ ಹುಟ್ಟು’.

ಈ ಹನ್ನೊಂದು ಮಕ್ಕಳನ್ನು ಬಿಟ್ಟರೆ ಈ ಮರಳಿನಲ್ಲಿ ತನಗೆ ಇನ್ನು ಯಾರೂ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ರಾಯರ ಮಠಕ್ಕೆ ಹೋಗುವವರ ಮುಖದಲ್ಲಿ ಇರುವಂಥದ್ದೊಂದು ಶಾಂತಿ ಶುಕ್ರವಾರ ಬೆಳಿಗ್ಗೆ ಅವನ ಮುಖದಲ್ಲಿರುತ್ತಿತ್ತು.

ಸಾವಿರಾರು ಪದಗಳನ್ನು ಬರೆದಿಟ್ಟವನಿಗೆ ತನ್ನನ್ನು ಹೇಳಿಕೊಳ್ಳಲು ಮಾತ್ರ ಪದವಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಂಗಳೂರಿನ ಬಂದರಿನಲ್ಲಿ ಮೂಟೆ ಲೆಕ್ಕ ಬರೆಯುತ್ತಿದ್ದಾಗ ಯಾಕೂಬ್ ಎಂಬ ಗೆಳೆಯನಿದ್ದ. ಯಾಕೂಬ್ ನಕ್ಕರೆ ಸುಬ್ಬರಾಯನಿಗೆ ಆ ದಿನ ಊಟವೇ ಬೇಡವಾಗುತ್ತಿತ್ತು. ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ. ಯಾಕೂಬನಿಗೆ ಮದುವೆಯಾಯಿತು, ಇವನು ಮದುವೆಯಲ್ಲಿ ಉಂಡು ಬಂದ. ತನ್ನಂಥವರಿಗೆ ಊರಿನಲ್ಲಿ ಹೆಸರುಗಳಿಲ್ಲದೆ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಶಾಲೆಯ ಹಿಂದೆ, ಸಿನಿಮಾ ಟಾಕೀಸಿನ ಸಾಲಿನಲ್ಲಿ ಅವನು ಎಲ್ಲವನ್ನೂ ಕೇಳಿದ್ದ. ಮೊದಲನೆಯದನ್ನು ಕೇಳಿದಾಗ ವಯಸ್ಸು ಹನ್ನೊಂದು. ಎಲ್ಲವೂ ಉಗುಳಿದ ಹಾಗೆ ಹೇಳುವ ಪದಗಳು. ಒಂದನ್ನಾದರೂ ದೇವರ ಮುಂದೆ ನಿಂತು ಹೇಳುವಂತಿರಲಿಲ್ಲ.

ರಾಸ್ ಲಫಾನಿನ ಕೆಲಸ ಮುಗಿಸಿ ದೇಶಕ್ಕೆ ಹೊರಟ ಒಬ್ಬ ಜರ್ಮನ್ ಎಂಜಿನಿಯರ್ ಸ್ಟೋರಿನಲ್ಲಿ ಒಂದು ಪೆಟ್ಟಿಗೆ ಬಿಟ್ಟುಹೋಗಿದ್ದ. ಹಳೆಯ ಬೂಟುಗಳ ಕೆಳಗೆ ಇಂಗ್ಲಿಷ್ ವಿಶ್ವಕೋಶದ ಕೊನೆಯ ಸಂಪುಟ. ಉಳಿದ ಸಂಪುಟಗಳು ಎಲ್ಲಿದ್ದವೋ. ಸುಬ್ಬರಾಯ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಅದನ್ನು ವರ್ಷಗಟ್ಟಲೆ ಪುಟಪುಟ ಓದಿದ. 2006ರ ಬೇಸಿಗೆಯಲ್ಲಿ ಒಂದು ಪುಟದ ಮೂಲೆಯಲ್ಲಿ ಆ ಪದ ಸಿಕ್ಕಿತು. ಓದಿ ಪುಸ್ತಕ ಮುಚ್ಚಿದ. ಮತ್ತೆ ತೆರೆದು, ಅಲ್ಲಿ ಇದೆಯೇ ಎಂದು ನೋಡಿದ. ಇತ್ತು.

ಎರಡು ತಿಂಗಳು ಅದನ್ನು ಯಾರಿಗೂ ಹೇಳದೆ, ನೋಟ್‌ಬುಕ್ಕಿನಲ್ಲಿಯೂ ಬರೆಯದೆ ಇಟ್ಟುಕೊಂಡ. ಬರೆಯುವ ಹಾಗೆ ಮಾಡಿದ್ದು ಇನ್ನೊಂದು ಸಂಗತಿ. ಸೆಪ್ಟೆಂಬರಿನಲ್ಲಿ ಕಂಪನಿಯ ಕ್ಯಾಂಪಿನಲ್ಲಿ ಇಬ್ಬರು ಪೇಂಟರುಗಳು ಒಟ್ಟಿಗೆ ಸಿಕ್ಕಿಬಿದ್ದರು. ಬೇರೆ ದೇಶದವರು. ಪೆಟ್ಟು ತಿಂದ ಮೂರನೆಯ ದಿನ ವೀಸಾ ಕ್ಯಾನ್ಸಲ್ ಮಾಡಿ ಕಳಿಸಿಬಿಟ್ಟರು. ಸ್ಟೋರಿನಲ್ಲಿ ಚಹಾದ ಹೊತ್ತಿಗೆ ಬೋಜ ಎದ್ದು ಸೊಂಟ ತಿರುಗಿಸಿ ಅವರಿಬ್ಬರ ಹಾಗೆ ನಡೆದು ತೋರಿಸಿದ. ಬೋಜ ಅವನ ಫ್ಲ್ಯಾಟಿನವನೇ, ಉಡುಪಿ ಕಡೆಯವನು, ನಗಿಸುವುದರಲ್ಲಿ ಎತ್ತಿದ ಕೈ. ಎಲ್ಲರೂ ನಕ್ಕರು. ಸುಬ್ಬರಾಯ ಎಲ್ಲರಿಗಿಂತ ಜೋರಾಗಿ ನಕ್ಕ. ನಗದಿದ್ದರೆ ತನ್ನ ಕಡೆ ನೋಡುತ್ತಾರೆ ಎಂಬ ಹೆದರಿಕೆಗೆ ನಕ್ಕದ್ದು. ಮರುದಿನ ಬೆಳಿಗ್ಗೆ ಕಟೀಲಮ್ಮನಿಗೆ ಕೈಮುಗಿದು ಆ ಪದವನ್ನು ಬರೆದ. ಎರಡು ಸಾಲಿಗೆ ನಿಲ್ಲಲಿಲ್ಲ. ಪುಟ ತುಂಬಿತು. ಹಾಗೆಯೇ ‘ಓಲೆ’ಗೆ ಕೊಟ್ಟ.

ಹೀಗಿತ್ತು ಅದು:

“ಉರ್ನಿಂಗ್. ಗಂಡಸನ್ನು ಪ್ರೀತಿಸುವ ಗಂಡಸನ್ನು ಹೀಗೆ ಕರೆಯಬೇಕೆಂದು ನೂರನಲವತ್ತು ವರ್ಷದ ಹಿಂದೆ ಜರ್ಮನಿಯ ಒಬ್ಬ ವಕೀಲ ಹೇಳಿದ. ಅವನೂ ಅಂಥವನೇ. ಅಲ್ಲಿಯವರೆಗೆ ಇದ್ದದ್ದು ಬೈಗುಳಗಳು ಮತ್ತು ಅಪರಾಧದ ಹೆಸರುಗಳು. ಗ್ರೀಕರ ಹಳೆಯ ಕಥೆಯಲ್ಲಿ ಪ್ರೀತಿಗೆ ಇಬ್ಬರು ದೇವತೆಯರು. ಹಿರಿಯವಳು ತಾಯಿಯಿಲ್ಲದೆ ಆಕಾಶದಿಂದಲೇ ಹುಟ್ಟಿದವಳು. ಅವರ ಭಾಷೆಯಲ್ಲಿ ಆಕಾಶಕ್ಕೆ ಯುರಾನೋಸ್ ಎನ್ನುತ್ತಾರೆ. ಇಂಥ ಪ್ರೀತಿ ಅವಳಿಗೆ ಸೇರಿದ್ದು ಎಂದು ಕಥೆ ಹೇಳುತ್ತದೆ. ವಕೀಲ ಅದರಿಂದ ಪದ ಮಾಡಿದ. ಇದು ರೋಗವಲ್ಲ, ಪಾಪವಲ್ಲ, ಹುಟ್ಟುವಾಗಲೇ ಬಂದದ್ದು ಎಂದು ಪುಸ್ತಿಕೆಗಳನ್ನು ಬರೆದ. ಮನೆಯವರಿಗೆ ಅವಮಾನವಾಗದಿರಲಿ ಎಂದು ಮೊದಲು ಸುಳ್ಳು ಹೆಸರಿನಲ್ಲಿ ಬರೆದ. ಮುಂದೆ ತನ್ನ ಹೆಸರನ್ನೇ ಹಾಕಿದ. 1867ರಲ್ಲಿ ಮ್ಯೂನಿಕ್ ನಗರದಲ್ಲಿ ಸುಮಾರು ಐನೂರು ಕಾನೂನು ಪಂಡಿತರ ಮುಂದೆ ಎದ್ದುನಿಂತು ಇದನ್ನು ಹೇಳಹೊರಟ. ಅವರು ಕೂಗಿ ಅವನ ಮಾತು ಮುಗಿಯಗೊಡಲಿಲ್ಲ. ಪದ ಇಂಗ್ಲಿಷಿಗೂ ಹೋಯಿತು, ಕೆಲವು ದಶಕ ಬಾಳಿತು, ಆಮೇಲೆ ಬೇರೆ ಪದಗಳು ಬಂದವು. ವಕೀಲ ಇಟಲಿಯ ಒಂದು ಊರಿನಲ್ಲಿ ತೀರಿಕೊಂಡ. ತನ್ನವರಿಗೆ ಒಂದು ಮರ್ಯಾದೆಯ ಹೆಸರು ಕೊಟ್ಟು ಹೋದ.”

ಕಂಪ್ಯೂಟರಿನಲ್ಲಿ ಪುಟ ಜೋಡಿಸುತ್ತಿದ್ದ ವಿನಯ್ ಫೋನು ಮಾಡಿ, “ಸಾರ್, ಸ್ವಲ್ಪ ಉದ್ದ ಆಯ್ತು, ಆದ್ರೆ ಈ ಸಲ ಶ್ರದ್ಧಾಂಜಲಿ ಯಾವುದೂ ಇಲ್ವಲ್ಲ, ಜಾಗ ಕರೆಕ್ಟಾಗಿ ಕೂತ್ಕೊಳ್ತು” ಎಂದ. ಓದಿದೆ ಎನ್ನಲಿಲ್ಲ. ಚನ್ನಕೇಶವರು ಮೊದಲ ಪುಟದ ಫೋಟೋದಲ್ಲಿ ತಮ್ಮ ಹೆಸರು ಸರಿಯಿದೆಯೇ ಎಂದು ನೋಡಿ ಸಹಿ ಹಾಕಿದರು. ಅಚ್ಚಾಗಿ ಬಂದ ಮುನ್ನೂರು ಪ್ರತಿಗಳನ್ನು ರಾಜ್ಯೋತ್ಸವದ ದಿನ ಕುರ್ಚಿಗೊಂದರಂತೆ ಇಟ್ಟರು. ಕೆಲವರು ಅದರಿಂದ ಗಾಳಿ ಬೀಸಿಕೊಂಡರು.

ರಾಜ್ಯೋತ್ಸವದಲ್ಲಿ ಮಕ್ಕಳಿಗೆ ಕನ್ನಡ ಓದುವ ಸ್ಪರ್ಧೆಯಿತ್ತು. ಮಗು ಚೀಟಿ ಎತ್ತಬೇಕು. ಚೀಟಿಯಲ್ಲಿ ಎಷ್ಟನೇ ಪುಟವೆಂದು ಇದೆಯೋ ‘ಓಲೆ’ಯ ಆ ಪುಟವನ್ನು ಮೈಕಿನಲ್ಲಿ ಎರಡು ನಿಮಿಷ ಓದಬೇಕು. ಹೊಸ ‘ಓಲೆ’ಯನ್ನು ಮಕ್ಕಳು ಮೊದಲೇ ನೋಡಿರಬಾರದು. ಸಮಯವಾದರೆ ಗಂಟೆ ಬಾರಿಸುವುದು ಸುಬ್ಬರಾಯನ ಕೆಲಸ. ಹಿತ್ತಾಳೆಯ ಆ ಚಿಕ್ಕ ಗಂಟೆ ಕಾಂತಾಮಣಿಯವರ ದೇವರಕೋಣೆಯದು.

ಹತ್ತು ವರ್ಷದ ಮೋಕ್ಷಾ ಎತ್ತಿದ ಚೀಟಿಯಲ್ಲಿ ಏಳು ಇತ್ತು.

ಅವಳು ಜರಿಲಂಗ ಎತ್ತಿ ಹಿಡಿದುಕೊಂಡು ಮೈಕಿನ ಮುಂದೆ ನಿಂತಳು. ದೊಡ್ಡವರು ಯಾರಾದರೂ ಮನೆಯಲ್ಲಿ ಕೂತು ಸುಮ್ಮನೆ ಓದಲಿ ಎಂದು ಬರೆದದ್ದು ಸುಬ್ಬರಾಯ. ಪುಟಕ್ಕೆ ಚೀಟಿಯಿರುತ್ತದೆ ಎಂಬುದು, ಪ್ರತಿ ವರ್ಷ ಚೀಟಿ ಬರೆಯುತ್ತಿದ್ದ ಅವನಿಗೇ ಹೊಳೆದಿರಲಿಲ್ಲ.

“ಉ… ಉರ್ನಿಂಗ್,” ಎಂದು ಮೋಕ್ಷಾ ಆರಂಭಿಸಿದಳು. ಹಿಂದಿನ ಸಾಲಿನವರು ಊಟದ ಕೂಪನ್ನು ಹುಡುಕುತ್ತಿದ್ದರು. “ಗಂಡಸನ್ನು ಪ್ರೀತಿಸುವ ಗಂಡಸನ್ನು ಹೀಗೆ ಕರೆಯಬೇಕೆಂದು…”

ಯಾರೋ ಕಿಸಕ್ಕೆಂದರು. ಮೋಕ್ಷಾ ನಿಂತಳು. ತನ್ನ ಉಚ್ಚಾರಣೆಗೆ ನಕ್ಕರು ಎಂದುಕೊಂಡಳು. ತಪ್ಪಿದರೆ ಹೆದರಬೇಡಿ, ವಾಕ್ಯವನ್ನು ಮೊದಲಿನಿಂದ ಇನ್ನೂ ಸ್ಪಷ್ಟವಾಗಿ ಓದಿ ಎಂದು ಮಾಷ್ಟ್ರು ಕಲಿಸಿದ್ದರು. ಅವಳು ಉಸಿರು ಎಳೆದುಕೊಂಡು, ಮೈಕಿಗೆ ಇನ್ನೂ ಹತ್ತಿರ ಬಂದು, “ಗಂಡಸನ್ನು ಪ್ರೀತಿಸುವ ಗಂಡಸನ್ನು” ಎಂದು ಸಭಾಂಗಣದ ಮೂಲೆಮೂಲೆಗೆ ಕೇಳುವಂತೆ ಓದಿದಳು.

ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಬ್ಬಿತು. ಆಮೇಲೆ ಒಮ್ಮೆಲೇ ನಿಂತಿತು. ಮುಂದಿನ ಸಾಲಿನಲ್ಲಿ ದೂತಾವಾಸದಿಂದ ಬಂದ ಅತಿಥಿ ಕೂತಿದ್ದರು.

ಗಂಟೆ ಸುಬ್ಬರಾಯನ ಕೈಯಲ್ಲೇ ಇತ್ತು. ಒಮ್ಮೆ ಅಲುಗಿಸಿದ್ದರೆ ಮಗು ನಿಲ್ಲುತ್ತಿತ್ತು. ಆದರೆ ಅವಳು ‘ಅಪರಾಧ’ದ ‘ಧ’ವನ್ನು ತಿದ್ದಿದ ಹಾಗೆ ಹೇಳುತ್ತಿದ್ದಳು, ‘ಭಾಷೆ’ಯ ‘ಭ’ವನ್ನು ಹೊಟ್ಟೆಯಿಂದ ಹೇಳುತ್ತಿದ್ದಳು, ಮತ್ತು ತಾನು ಜನ್ಮವಿಡೀ ಯಾರ ಬಾಯಿಂದಲೂ ಕೇಳದ್ದನ್ನು ಒಂದು ಮಗು ಉಗುಳದೆ ಹೇಳುತ್ತಿತ್ತು. ಅವನು ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದು ಕೂತ.

“ಇದು ರೋಗವಲ್ಲ, ಪಾಪವಲ್ಲ…” ಅಷ್ಟಕ್ಕೆ ಬಳಗದ ಅಧ್ಯಕ್ಷ ಅಪ್ಪಯ್ಯ ಓಡಿ ಬಂದು ಮೈಕಿನ ವಯರು ಎಳೆದರು. ಹಾರ್ಡ್‌ವೇರ್ ವ್ಯಾಪಾರದವರು, ಭಾರೀ ಆಳು. ವೇದಿಕೆಯ ಹಲಗೆ ಅಲುಗಿತು. ಮೋಕ್ಷಾಳ ಅಪ್ಪ ಸುಶಾಂತ್ ಮಗಳ ರಟ್ಟೆ ಹಿಡಿದು ಕೆಳಗೆ ಎಳೆದ.

“ಅಪ್ಪ, ನಾನು ತಪ್ಪು ಓದಿದ್ನಾ?”

ಕೆನ್ನೆಗೆ ಬಿದ್ದ ಏಟಿನ ಸದ್ದು ಮೈಕಿಲ್ಲದೆಯೂ ಎಲ್ಲರಿಗೂ ಕೇಳಿತು. ಕೊನೆಯ ಆರೇಳು ಸಾಲು ಯಾರಿಗೂ ಕೇಳದೆ ಉಳಿಯಿತು.

ಆಮೇಲೆ ಮೂರು ದಿನ ಮೋಕ್ಷಾಳನ್ನು ಅಮ್ಮ ಅಕ್ಷಯಾ, ಅಮ್ಮನ ಗೆಳತಿಯರು, ಅಪ್ಪ, ಒಬ್ಬರಾದ ಮೇಲೊಬ್ಬರು ಕೂರಿಸಿಕೊಂಡು ಕೇಳಿದರು. ಮಾಷ್ಟ್ರು ಮೈಮುಟ್ಟಿದ್ದಾರಾ? ಇಲ್ಲ. ಸರಿಯಾಗಿ ನೆನಪು ಮಾಡು. ಇಲ್ಲ. ಹೆದರಬೇಡ, ಹೇಳು. ಮೂರನೆಯ ದಿನ ಅಳು ಬಂದು ಮಗು, “ಕೈ ಹಿಡಿದಿದ್ರು. ‘ಳ’ ಬರಿಲಿಕ್ಕೆ” ಎಂದಿತು. ಮೊದಲ ಮಾತನ್ನು ಎಲ್ಲರೂ ತೆಗೆದುಕೊಂಡು ಹೋದರು. ಎರಡನೆಯದು ಅಲ್ಲೇ ಬಿತ್ತು.

ಮುಂದಿನ ಶುಕ್ರವಾರ ಸುಬ್ಬರಾಯನನ್ನು ಚನ್ನಕೇಶವರ ಮನೆಯ ಹಾಲಿಗೆ ಕರೆಸಿದರು. ಮಕ್ಕಳು ಕೂರುತ್ತಿದ್ದ ಜಮಖಾನೆ ಮಡಿಸಿ ಮೂಲೆಗೆ ಇಟ್ಟಿದ್ದರು. ಏಳು ಮಂದಿ ಸೋಫಾಗಳ ಮೇಲೆ ಕೂತಿದ್ದರು. ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಅವನು ನಿಂತ.

“ನೀವು ಅದಾ?” ಎಂದರು ಅಪ್ಪಯ್ಯ. “ಸೀದಾ ಹೇಳಿ ಮಾರಾಯ್ರೆ. ನಾವು ಹೆಂಡತಿ ಮಕ್ಕಳು ಇಟ್ಕೊಂಡವರು.”

“ನಾನು ಒಂದು ಪದದ ಬಗ್ಗೆ ಬರೆದೆ,” ಎಂದ ಸುಬ್ಬರಾಯ.

“ಬೇರೆ ಪದ ಸಿಗ್ಲಿಲ್ವಾ ನಿಮಗೆ? ಬದನೆಕಾಯಿ ಅಂತ ಬರೀಬಹುದಿತ್ತಲ್ಲ! ನಾಳೆ ಬಳಗವನ್ನೇ ಮುಚ್ಚಿ ಅಂದ್ರೆ ಯಾರು ಉತ್ತರ ಕೊಡುದು?” ಅಪ್ಪಯ್ಯ ತಿರುಗಿ, ಚಹಾ ತಂದ ಕಾಂತಾಮಣಿಯನ್ನು ಕೇಳಿದರು, “ಅಕ್ಕ, ನೀವು ಮೂರು ವರ್ಷ ಇಲ್ಲೇ ಇದ್ರಿ. ಇವರು ಮಕ್ಕಳ ಹತ್ತಿರ ಹೇಗೆ?”

ಸುಬ್ಬರಾಯ ಅವರ ಮುಖ ನೋಡಿದ. ಅವರು ಮೂರು ವರ್ಷ ಎಲ್ಲವನ್ನೂ ನೋಡಿದವರು. ಒಂದು ಶುಕ್ರವಾರ ಅವರೇ ಬಂದು, ನನಗೂ ‘ಋ’ ಬರಿಯೋದು ಮರೆತುಹೋಗಿದೆ ತೋರಿಸಿ ಮೇಷ್ಟ್ರೆ, ಎಂದು ನಕ್ಕಿದ್ದರು. ಕಾಂತಾಮಣಿ ಗಂಡನ ಕಡೆ ನೋಡಿದರು. ಚನ್ನಕೇಶವರು ಚಹಾದ ಲೋಟ ನೋಡುತ್ತಿದ್ದರು.

“ನಾನು ಅಡುಗೆಮನೇಲಿ ಇರ್ತಿದ್ದೆ,” ಎಂದು ಕಾಂತಾಮಣಿ ಒಳಗೆ ಹೋದರು. ಆಮೇಲೆ ಅಡುಗೆಮನೆಯ ಬಾಗಿಲು ಮುಚ್ಚಿತು. ಮೂರು ವರ್ಷದಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಅವನು ನೋಡಿದ್ದು ಅದೇ ಮೊದಲು.

ಪಾಠ ನಿಂತಿತು. ಫ್ಲ್ಯಾಟಿನಲ್ಲಿ ಅಡುಗೆಯ ಸರದಿ ನೋಡಿಕೊಳ್ಳುತ್ತಿದ್ದ ದುಗ್ಗು ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ, ಅವನ ತಟ್ಟೆಯ ಅಂಚಿಗೆ ಕೆಂಪು ಪೇಂಟು ಬಳಿದ. “ಬೇಜಾರು ಮಾಡ್ಬೇಡಿ ಮಾಷ್ಟ್ರೆ, ಕನ್‌ಫ್ಯೂಸ್ ಆಗ್ಬಾರ್ದಲ್ಲ,” ಎಂದ. ಆರು ವರ್ಷ ಒಂದೇ ಪಾತ್ರೆಯ ಅನ್ನ ಉಂಡವನು. ಬೋಜ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ, “ಮಾಷ್ಟ್ರೆ, ನಿಮ್ಮ ಆಕಾಶಕ್ಕೆ ಬಸ್ಸು ಎಷ್ಟು ಗಂಟೆಗೆ ಉಂಟು? ನಮಗೂ ಒಂದು ಸೀಟು ಹಿಡೀರಿ,” ಎಂದು ಕೂಗುತ್ತಿದ್ದ, ಬಚ್ಚಲಿನ ಒಳಗಿದ್ದವನೂ ನಗುತ್ತಿದ್ದ. ಒಂದು ದಿನ ತಲೆದಿಂಬಿನ ಕೆಳಗೆ ಒಂದು ಡಜನ್ ಗಾಜಿನ ಬಳೆ ಇತ್ತು. ಇನ್ನೊಂದು ದಿನ ಬಾಗಿಲ ಹೊರಗೆ ರಟ್ಟಿನ ಪೆಟ್ಟಿಗೆ. ಅದರಲ್ಲಿ ಮಕ್ಕಳ ಹನ್ನೊಂದು ಕಾಪಿ ಪುಸ್ತಕಗಳು, ಅವನೇ ಕೊಡಿಸಿದ್ದವು, ಅವನ ಕೆಂಪು ಗೆರೆಗಳೊಂದಿಗೆ. ಮೋಕ್ಷಾಳದು ನಡುವಿಗೆ ಹರಿದಿತ್ತು.

ಏಷ್ಯನ್ ಗೇಮ್ಸ್ ಆರಂಭವಾಗುವ ದಿನ ಹತ್ತಿರವಾಗಿತ್ತು, ಊರೆಲ್ಲ ಬಾವುಟ. ಅಂಥದೊಂದು ಮಧ್ಯಾಹ್ನ ಫ್ಲ್ಯಾಟಿನ ಕೆಳಗೆ ಚನ್ನಕೇಶವರ ಕಾರು ಬಂದು ನಿಂತಿತು. ಫೋನು ಮಾಡಿ ಕೆಳಗೆ ಕರೆದರು. ಹಿಂದಿನ ಸೀಟಿನಲ್ಲಿ ಅಪ್ಪಯ್ಯ ಇದ್ದರು. ಸುಬ್ಬರಾಯನನ್ನು ಮುಂದೆ ಕೂರಿಸಿಕೊಂಡರು. ಇಷ್ಟು ದಿನದ ಮೇಲೆ ಯಾರೋ ಕೂತ್ಕೊಳ್ಳಿ ಎಂದದ್ದಕ್ಕೇ ಅವನ ಕಣ್ಣು ತುಂಬಿತು.

“ನೋಡಿ ಸುಬ್ಬರಾಯರೇ,” ಎಂದರು ಚನ್ನಕೇಶವರು, “ಮಕ್ಕಳು ಶುಕ್ರವಾರ ಟೀವಿ ಮುಂದೆ ಬಿದ್ದಿರ್ತವೆ. ಕೃತಿಕ್ ಅಂತೂ ದಿನಾ ಕೇಳ್ತಾನಂತೆ, ಮಾಷ್ಟ್ರು ಯಾವಾಗ ಬರ್ತಾರೆ ಅಂತ. ನಿಮ್ಮ ಹಾಗೆ ಕಲಿಸೋರು ಬೇರೆ ಸಿಕ್ಕಿಲ್ಲ. ಕಮಿಟೀಲಿ ನಾನು ನಿಮ್ಮ ಪರವಾಗಿ ತುಂಬಾ ಹೊಡೆದಾಡಿದೀನಿ. ಮುಂದಿನ ಶುಕ್ರವಾರದಿಂದ ಪಾಠ ಶುರು ಮಾಡ್ಬಿಡಿ. ನಮ್ಮ ಮನೆಯವಳು ಪಕ್ಕದಲ್ಲೇ ಕೂತಿರ್ತಾಳೆ, ಅಷ್ಟೇ.”

ಸುಬ್ಬರಾಯ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ತಲೆಯಾಡಿಸಿದ. ಹನ್ನೊಂದು ಮುಖಗಳೂ ಕಣ್ಣ ಮುಂದೆ ಬಂದವು. ಯಾರನ್ನು ಎಲ್ಲಿ ಕೂರಿಸುವುದೆಂದೂ ಯೋಚಿಸಿಬಿಟ್ಟ.

“ಮತ್ತೆ, ಇದೊಂದು ಚಿಕ್ಕ ಫಾರ್ಮಾಲಿಟಿ,” ಎಂದು ಚನ್ನಕೇಶವರು ಒಂದು ಕಾಗದ ತೆಗೆದರು. “ಮುಂದಿನ ‘ಓಲೆ’ಗೆ. ಏಳನೇ ಪುಟದಲ್ಲೇ ಹಾಕೋಣ ಅಂತ. ನಿಮ್ಮ ಸಹಿ ಇದ್ರೆ ಆಯ್ತು.”

ಅದರಲ್ಲಿ ಮೂರು ವಾಕ್ಯಗಳಿದ್ದವು. ಕಳೆದ ಸಂಚಿಕೆಯಲ್ಲಿ ಬಂದ ಪದ ಒಂದು ಹೊಲಸು ರೋಗದ ಹೆಸರು. ಅರ್ಥ ತಿಳಿಯದೆ ಅದನ್ನು ಹೊಗಳಿ ಬರೆದೆ. ಅಂಥವರು ಮನುಷ್ಯರ ನಡುವೆ ಬದುಕಲು ಯೋಗ್ಯರಲ್ಲವೆಂದು ನಾನು ನಂಬಿದ್ದೇನೆ.

ಸುಬ್ಬರಾಯ ಎರಡು ಸಲ ಓದಿದ. ತನ್ನ ಬಗ್ಗೆ ಬರೆದದ್ದು ಅವನಿಗೆ ಹೊಸದಾಗಿ ನೋಯಲಿಲ್ಲ; ಇದಕ್ಕಿಂತ ಹೆಚ್ಚಿನದನ್ನು ಬೋಜ ದಿನಾ ಹೇಳುತ್ತಿದ್ದ. ಸಹಿ ಹಾಕಿದರೆ ಹೋಗುವ ಮಾನ ಉಳಿದೂ ಇರಲಿಲ್ಲ. ಪೆನ್ನು ಕೈಗೆ ತೆಗೆದುಕೊಂಡೂ ಆಗಿತ್ತು.

“ಇದನ್ನು ಯಾರು ಓದ್ತಾರೆ?” ಎಂದು ಕೇಳಿದ.

“ಯಾರು ಓದ್ತಾರ್ರೀ ‘ಓಲೆ’ನ!” ಚನ್ನಕೇಶವರು ನಕ್ಕರು. “ನಿಮ್ಮ ಮಕ್ಕಳೇ ಓದ್ಬೇಕು, ಪಾಠಕ್ಕೆ.”

ಅದು ನಿಜ. ಬೇರೆ ಪುಸ್ತಕವಿಲ್ಲ. ಜಮಖಾನೆಯ ಮೇಲೆ ಕೂತು, ಬೆರಳಿಟ್ಟುಕೊಂಡು, ಒಬ್ಬೊಬ್ಬರಾಗಿ ಜೋರಾಗಿ ಓದುತ್ತಾರೆ. ತಪ್ಪಿದರೆ ಮೊದಲಿನಿಂದ ಓದಿ ಎಂದು ಅವನೇ ಹೇಳಬೇಕು. ಹನ್ನೊಂದು ಮಕ್ಕಳಲ್ಲಿ ಯಾರು ಏನಾಗಿ ಬೆಳೆಯುತ್ತಾರೋ ದೇವರಿಗೆ ಗೊತ್ತು. ಒಬ್ಬ ತನ್ನಂಥವನು ಇದ್ದರೆ, ಅವನು ಕೇಳುವ ಮೊದಲ ಪದ ಶಾಲೆಯ ಹಿಂದಿನಿಂದ ಬರುವುದಿಲ್ಲ. ಮಾಷ್ಟ್ರ ಸಹಿಯ ಮೇಲಿನಿಂದ ಬರುತ್ತದೆ.

“ಇನ್ನೆಂತ ಯೋಚನೆ?” ಎಂದರು ಅಪ್ಪಯ್ಯ ಹಿಂದಿನಿಂದ. “ಇವರು ಕಾಲು ಹಿಡಿದ ಹಾಗೆ ಮಾಡಿ ನಿಮ್ಮನ್ನು ಉಳಿಸಿದ್ದು. ಬೇಡ ಅಂದ್ರೆ ಖಲಾಸ್. ಆ ಹುಡುಗಿಯ ಕೈ ಹಿಡಿದ ವಿಷಯ ನಾವು ಇನ್ನೂ ಬಳಗದ ಹೊರಗೆ ಯಾರಿಗೂ ಹೇಳಿಲ್ಲ. ನಿಮ್ಮ ಕಂಪನಿ ಮ್ಯಾನೇಜರು ನನ್ನ ಅಂಗಡಿಗೆ ಬರುವವರು.”

“ಅಕ್ಷರ ತಿದ್ದಿಸ್ಲಿಕ್ಕೆ ಹಿಡಿದದ್ದು ಅಂತ ನಿಮಗೆ ಗೊತ್ತುಂಟಾ?”

“ಗೊತ್ತು ಮಾರಾಯ್ರೆ. ಗೊತ್ತಿಲ್ಲದೆ ಉಂಟಾ? ಅದಕ್ಕೇ ಹೇಳಿದ್ದು, ಸಹಿ ಹಾಕಿ, ಅದನ್ನು ಅಲ್ಲಿಗೇ ಬಿಡುವ ಅಂತ.”

ಚನ್ನಕೇಶವರು ಎ.ಸಿ. ಸ್ವಲ್ಪ ಕಡಿಮೆ ಮಾಡಿದರು. “ಸುಬ್ಬರಾಯರೇ, ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ. ಈ ಉಪಕಾರ ಇನ್ನೊಂದ್ಸಲ ನನ್ನ ಕೈಲಾಗಲ್ಲ.”

ಸುಬ್ಬರಾಯ ಪೆನ್ನಿನ ಮುಚ್ಚಳ ಹಾಕಿ ಕಾಗದದ ಮೇಲಿಟ್ಟು ಎರಡನ್ನೂ ಅವರ ಕಡೆ ಸರಿಸಿದ.

“ನೀವು ಇಷ್ಟು ಮಾಡಿದ್ರಿ, ದೊಡ್ಡದು,” ಎಂದ. “ನನಗೆ ಇದು ಬೇಡ, ಚನ್ನಕೇಶವರೆ.”